ಲಿನಕ್ಸ್: ಹಾಡು, ವಿಡಿಯೋ ತೆರೆಯುವ ತಂತ್ರಾಂಶದ ಆಯ್ಕೆ

ಅಂತರ್ಜಾಲದಿಂದ ಇಳಿಸಿಕೊಂಡ ಹಾಡನ್ನು ಕ್ಲಿಕ್ಕಿಸಿದಾಗ ಬೇಡದ ತಂತ್ರಾಂಶ ತೆರೆದುಕೊಳ್ಳುವುದು ಅನೇಕ ಲಿನಕ್ಸ್ ಬಳಕೆದಾರರ ತೊಂದರೆ. ಇದಕ್ಕಾಗಿ ಆ ತಂತ್ರಾಂಶವನ್ನೇ ಕಿತ್ತುಹಾಕಬೇಕಾಗಿಲ್ಲ.

ಲಿನಕ್ಸ್ ಪ್ರತಿಯೊಂದು ಕಡತದ ಬಗೆಯನ್ನು 'ಮೈಮ್' ಪದ್ಧತಿಯಂತೆ ಗುರುತಿಸುತ್ತದೆ. 1992ರಲ್ಲಿ ಇ-ಮೇಲ್‌ಗಾಗಿ ರೂಪುಗೊಂಡ ಪದ್ಧತಿಯಿದು. ಎಂಪಿ3 ಹಾಡಿನ ಬಗೆ 'ಆಡಿಯೋ/ಎಂಪೆಗ್'. ಎಂಪಿ4 ಕಡತದ್ದು 'ವಿಡಿಯೋ/ಎಂಪಿ4'. ತಂತ್ರಾಂಶದ ನಂಟು ಕಡತಕ್ಕಲ್ಲ, ಅದರ ಬಗೆಗೆ. ಆದ್ದರಿಂದ ಒಂದು ಬಗೆಗೆ ಮಾಡಿದ ಬದಲಾವಣೆ ಇನ್ನೊಂದಕ್ಕೆ ಅನ್ವಯಿಸದು.

ಗ್ನೋಮ್: ಕಡತದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ 'ಓಪನ್ ವಿತ್' ಆರಿಸಿರಿ. ಪಟ್ಟಿಯಲ್ಲಿ ವಿಎಲ್‌ಸಿಯಂತಹ ತಂತ್ರಾಂಶವನ್ನು ಗುರುತಿಸಿ, ಈ ಬಗೆಯ ಕಡತಗಳಿಗೆ ಸದಾ ಅದನ್ನೇ ಬಳಸುವಂತೆ ಸೂಚಿಸಿರಿ.

ಕೆಡಿಇ: 'ಸಿಸ್ಟಂ ಸೆಟ್ಟಿಂಗ್ಸ್'ನಲ್ಲಿ 'ಫೈಲ್ ಅಸೋಸಿಯೇಷನ್ಸ್' ತೆರೆದು ಕಡತದ ಬಗೆಯನ್ನು ಹುಡುಕಿರಿ. ಬೇಕಾದ ತಂತ್ರಾಂಶವನ್ನು ಪಟ್ಟಿಯ ಮೊದಲ ಸ್ಥಾನಕ್ಕೇರಿಸಿರಿ.

ಈ ಆಯ್ಕೆಯು ಬಳಕೆದಾರರ ಸ್ವಂತ ಫೋಲ್ಡರಿನೊಳಗೆ, 'ಮೈಮ್‌ಆಪ್ಸ್ ಡಾಟ್ ಲಿಸ್ಟ್' ಎಂಬ ಪುಟ್ಟ ಪಠ್ಯ ಕಡತದಲ್ಲಿ ದಾಖಲಾಗುತ್ತದೆ. ಹೀಗಾಗಿ ಅದೇ ಗಣಕದ ಇತರ ಬಳಕೆದಾರರಿಗೆ ಯಾವ ಬಾಧೆಯೂ ಇಲ್ಲ.

ಫೋಲ್ಡರಿನಿಂದ ಸರಿಯಾಗಿ ತೆರೆಯುವ ಕಡತ ಫೈರ್‌ಫಾಕ್ಸ್‌ನಿಂದ ಮಾತ್ರ ಬೇರೆಡೆ ತೆರೆದರೆ, ಆ ಬ್ರೌಸರ್ ಇಟ್ಟುಕೊಂಡಿರುವ ಪ್ರತ್ಯೇಕ ಪಟ್ಟಿಯೇ ಕಾರಣ. ಅದರ ಸೆಟ್ಟಿಂಗ್ಸ್‌ನ 'ಅಪ್ಲಿಕೇಶನ್ಸ್' ವಿಭಾಗದಲ್ಲಿ ಅದನ್ನು ತಿದ್ದಬಹುದು.

ಸರಿಯಾದ ತಂತ್ರಾಂಶ ತೆರೆದರೂ ಧ್ವನಿ ಅಥವಾ ಚಿತ್ರ ಬಾರದಿದ್ದಲ್ಲಿ, ಅದು ಆಯ್ಕೆಯ ದೋಷವಲ್ಲ. ಕೋಡೆಕ್ ಇಲ್ಲದಿರಬಹುದು; ಇಲ್ಲವೇ ಕಡತ ಪೂರ್ತಿ ಇಳಿದಿರಲಿಕ್ಕಿಲ್ಲ. ಮೊದಲು ಇವೆರಡನ್ನು ಪರೀಕ್ಷಿಸುವುದು ಒಳಿತು.