ಅನಾಟಮಿ ಟೇಬಲ್ ಮೇಲೆ ಮಲಗಿದ್ದವರು ಯಾರು?

ಡಾಕ್ಟರ್ ಆಗಬೇಕು ಅಂತ ಕಾಲೇಜು ಸೇರಿದವರಿಗೆ ಮೊದಲ ವರ್ಷವೇ ಎದುರಾಗುವ ವಿಷಯ ಅನಾಟಮಿ, ಅಂದ್ರೆ ಅಂಗರಚನಾಶಾಸ್ತ್ರ. ಪುಸ್ತಕ, ಚಿತ್ರ ಎಷ್ಟೇ ಇರಲಿ, ನರ ಯಾವುದು, ರಕ್ತನಾಳ ಯಾವುದು ಅಂತ ಕೈಯಾರೆ ಬಿಡಿಸಿ ನೋಡಿದಾಗಲೇ ಅದು ತಲೆಗೆ ಹತ್ತೋದು. ಅದಕ್ಕೆ ಮನುಷ್ಯನ ದೇಹವೇ ಬೇಕು. ಆ ದೇಹ ಎಲ್ಲಿಂದ ಬರುತ್ತೆ? ಇವತ್ತಿನ ಕಥೆ ಇರೋದು ಈ ಪ್ರಶ್ನೆಯಲ್ಲೇ.

1820ರ ದಶಕದ ಎಡಿನ್‌ಬರೋಗೆ ಹೋಗೋಣ. ಸ್ಕಾಟ್ಲೆಂಡಿನ ಈ ಊರು ಆಗ ವೈದ್ಯಕೀಯ ಶಿಕ್ಷಣಕ್ಕೆ ಹೆಸರುವಾಸಿ. ಅಲ್ಲಿನ ವಿಶ್ವವಿದ್ಯಾಲಯದ ಅನಾಟಮಿ ಪ್ರಾಧ್ಯಾಪಕ ಹುದ್ದೆ ಒಂದೇ ಮನೆತನದ ಸೊತ್ತಿನ ಹಾಗಿತ್ತು. ಅಜ್ಜ, ಮಗ, ಮೊಮ್ಮಗ, ಮೂವರ ಹೆಸರೂ ಅಲೆಕ್ಸಾಂಡರ್ ಮನ್ರೋ! ಮೊಮ್ಮಗನ ಪಾಠವಂತೂ ತೀರಾ ನೀರಸ. 1825ರಲ್ಲಿ ಅಲ್ಲಿಗೆ ಓದಲು ಬಂದ ಚಾರ್ಲ್ಸ್ ಡಾರ್ವಿನ್‌ಗೂ ಅದು ಹಿಡಿಸಲಿಲ್ಲ. ಛೇದನ ಕಲಿಯದೇ ಹೋದೆನಲ್ಲ ಅಂತ ಆತ ಮುಂದೆ ಆತ್ಮಕಥೆಯಲ್ಲಿ ಪೇಚಾಡಿಕೊಂಡಿದ್ದಾನೆ. ಹೀಗಾಗಿ ವಿದ್ಯಾರ್ಥಿಗಳು ದುಡ್ಡು ಕೊಟ್ಟು ಖಾಸಗಿ ತರಗತಿಗಳಿಗೆ ಹೋಗುತ್ತಿದ್ದರು. ಅವುಗಳಲ್ಲಿ ಡಾ. ರಾಬರ್ಟ್ ನಾಕ್ಸ್ ಅವರ ತರಗತಿಗೆ ಜನ ಮುಗಿಬೀಳುತ್ತಿದ್ದರು.

ಆದರೆ ಕಾನೂನು ಪ್ರಕಾರ ಸಿಗುತ್ತಿದ್ದ ಶವಗಳು ತೀರಾ ಕಡಿಮೆ, ಹೆಚ್ಚಾಗಿ ಗಲ್ಲಿಗೇರಿಸಿದವರದ್ದು. ಉಳಿದ ಕೊರತೆ ತುಂಬುತ್ತಿದ್ದವರು ಹೆಣಗಳ್ಳರು. ರಾತ್ರೋರಾತ್ರಿ ಗೋರಿ ಅಗೆದು ಶವ ಮಾರುತ್ತಿದ್ದರು. ಕಾಸಿದ್ದವರು ತಮ್ಮವರ ಗೋರಿಗೆ ಕಬ್ಬಿಣದ ಪಂಜರ ಹಾಕಿಸಿದರು. ಬಡವರ ಗೋರಿಗೆ ಯಾರು ಹಾಕಿಸಬೇಕು, ಹೇಳಿ?

1827ರ ಕೊನೆಯಲ್ಲಿ ವಿಲಿಯಂ ಹೇರ್ ಎಂಬಾತನ ವಸತಿಗೃಹದಲ್ಲಿ ಒಬ್ಬ ಮುದುಕ ಕಾಯಿಲೆಯಿಂದ ಸತ್ತ. ಬಾಡಿಗೆ ಬಾಕಿ 4 ಪೌಂಡ್. ಹೇರ್ ಮತ್ತು ಗೆಳೆಯ ವಿಲಿಯಂ ಬರ್ಕ್ ಆ ಶವವನ್ನು ನಾಕ್ಸ್ ಅವರ ಶಾಲೆಗೆ ಮಾರಿದರು. ಸಿಕ್ಕಿದ್ದು 7 ಪೌಂಡ್ 10 ಶಿಲಿಂಗ್. ಯಾರೂ ಏನೂ ಕೇಳಲಿಲ್ಲ. ಇಬ್ಬರಿಗೂ ದಾರಿ ಗೊತ್ತಾಯ್ತು. 1828ರಲ್ಲಿ ಅವರು 16 ಜನರನ್ನು ಕೊಂದು ಮಾರಿದರು. ಸತ್ತವರಲ್ಲಿ ಹೆಚ್ಚಿನವರು ಕೇಳುವವರಿಲ್ಲದ ಬಡವರು.

ಅವರಲ್ಲೊಬ್ಬ ಜೇಮ್ಸ್ ವಿಲ್ಸನ್. ಬೀದಿಯಲ್ಲಿ ಓಡಾಡಿಕೊಂಡು ಊರಿಗೆಲ್ಲ ಪರಿಚಯವಿದ್ದ ಬುದ್ಧಿಮಾಂದ್ಯ ಹುಡುಗ. ಟೇಬಲ್ ಮೇಲಿದ್ದ ಅವನನ್ನು ಕೆಲವು ವಿದ್ಯಾರ್ಥಿಗಳು ಗುರುತು ಹಿಡಿದರು, ಅವನಲ್ಲ ಅಂತ ನಾಕ್ಸ್ ತಳ್ಳಿಹಾಕಿದರು ಎನ್ನುತ್ತವೆ ಆಗಿನ ವಿವರಗಳು. ಪಾಠ ಮುಂದುವರಿಯಿತು.

ಕೊನೆಗೆ ಸಿಕ್ಕಿಬಿದ್ದಾಗ ಹೇರ್ ಗೆಳೆಯನ ವಿರುದ್ಧವೇ ಸಾಕ್ಷಿ ಹೇಳಿ ಪಾರಾದ. 1829ರ ಜನವರಿ 28ರಂದು ಬರ್ಕ್‌ನನ್ನು ನೇಣಿಗೇರಿಸಿ, ಅವನ ಶವವನ್ನೂ ಛೇದಿಸಿದರು. ಛೇದಿಸಿದ್ದು ಅದೇ ಮೂರನೇ ಮನ್ರೋ. ಅವನ ಅಸ್ಥಿಪಂಜರ ಇವತ್ತಿಗೂ ಆ ವಿಶ್ವವಿದ್ಯಾಲಯದ ಸಂಗ್ರಹಾಲಯದಲ್ಲಿದೆ. ನಾಕ್ಸ್ ಮೇಲೆ ಮೊಕದ್ದಮೆಯೇ ಆಗಲಿಲ್ಲ.

ಇಂಥ ಪ್ರಕರಣಗಳ ಬಿಸಿಯಲ್ಲೇ ಬ್ರಿಟನ್ 1832ರಲ್ಲಿ ಅನಾಟಮಿ ಕಾಯ್ದೆ ತಂದಿತು. ಬಡವರ ಆಶ್ರಯ ಕೇಂದ್ರ, ಆಸ್ಪತ್ರೆಗಳಲ್ಲಿ ಸತ್ತ ವಾರಸುದಾರರಿಲ್ಲದವರ ಶವ ಕಾಲೇಜುಗಳಿಗೆ ಸಿಗತೊಡಗಿತು. ಹೆಣಗಳ್ಳರ ವ್ಯಾಪಾರ ನಿಂತಿತು, ನಿಜ. ಆದರೆ ಬಡವರ ಒಪ್ಪಿಗೆ ಆಗಲೂ ಯಾರಿಗೂ ಬೇಕಾಗಿರಲಿಲ್ಲ. ಮೊದಲು ಕೊಲೆಗಾರನಿಗೆ ಕೊಡುತ್ತಿದ್ದ ಶಿಕ್ಷೆ ಈಗ ಬಡತನಕ್ಕೆ ಬಂತು. ಅದೇ ವರ್ಷ ಜೂನ್‌ನಲ್ಲಿ ತೀರಿಕೊಂಡ ತತ್ತ್ವಜ್ಞಾನಿ ಜೆರೆಮಿ ಬೆಂಥಮ್ ಮಾತ್ರ ತನ್ನ ದೇಹವನ್ನು ಛೇದಿಸಿ ಅಂತ ತಾನೇ ಉಯಿಲು ಬರೆದಿಟ್ಟಿದ್ದ. ಅಂಥವರು ಆಗ ಬೆರಳೆಣಿಕೆಯಷ್ಟು.

ನಮ್ಮ ಕರ್ನಾಟಕದಲ್ಲೂ 1957ರ ಅನಾಟಮಿ ಕಾಯ್ದೆ ಇದೆ. ವಾರಸುದಾರರಿಲ್ಲದ ಶವಗಳ ವಿಚಾರ ಅದರಲ್ಲೂ ಇದೆ. ಜೊತೆಗೆ ಈಗ ಸ್ವಂತ ಇಚ್ಛೆಯಿಂದ ದೇಹದಾನಕ್ಕೆ ಸಹಿ ಹಾಕುವವರೂ ಇದ್ದಾರೆ. ಎಷ್ಟೋ ಕಾಲೇಜುಗಳಲ್ಲಿ ಚಾಕು ಹಿಡಿಯುವ ಮೊದಲು ವಿದ್ಯಾರ್ಥಿಗಳು ಆ ದೇಹಕ್ಕೆ ಗೌರವ ಕೊಡುತ್ತೇವೆ ಅಂತ ಪ್ರತಿಜ್ಞೆ ಮಾಡುತ್ತಾರೆ. ಮೊದಲ ಗುರು ಅಂತಲೂ ಕರೆಯುತ್ತಾರೆ. ಜೇಮ್ಸ್ ವಿಲ್ಸನ್‌ನೂ ಯಾರಿಗೋ ಮೊದಲ ಗುರುವೇ. ಕಲಿಸ್ತೀಯಾ ಅಂತ ಅವನನ್ನು ಮಾತ್ರ ಯಾರೂ ಕೇಳಿರಲಿಲ್ಲ.