ಗೃಹಕೀಟಗಳೂ ಮನುಷ್ಯನ ದ್ವಂದ್ವಭಾವವೂ

ಮನುಷ್ಯನು ತನಗಾಗಿ ಕಟ್ಟಿಕೊಂಡ ಮನೆಯನ್ನು ಅವನ ಅನುಮತಿಯಿಲ್ಲದೆ ಪ್ರವೇಶಿಸಿ, ಅವನ ಅನ್ನವನ್ನೂ ಬಟ್ಟೆಯನ್ನೂ ಪುಸ್ತಕವನ್ನೂ ಮರಮುಟ್ಟನ್ನೂ, ಕೆಲವೊಮ್ಮೆ ಅವನ ರಕ್ತವನ್ನೇ ಆಹಾರವಾಗಿ ಮಾಡಿಕೊಂಡು ಬಾಳುವ ಜಿರಲೆ, ತಿಗಣೆ, ಇರುವೆ, ಗೆದ್ದಲು, ನೊಣ ಮೊದಲಾದ ಕ್ಷುದ್ರಜೀವಿಗಳಿಗೆ ಗೃಹಕೀಟಗಳೆಂದು ಹೆಸರು. ಇವುಗಳ ದೇಹರಚನೆಯೂ ಜೀವನಕ್ರಮವೂ ಪ್ರಾಣಿಶಾಸ್ತ್ರಕ್ಕೆ ಸೇರಿದ ಸಂಗತಿಗಳು. ಇವುಗಳನ್ನು ಕುರಿತು ಮನುಷ್ಯನು ತಳೆದ ಭಾವನೆಗಳ ಇತಿಹಾಸವೇ ಪ್ರಸ್ತುತ ಲೇಖನದ ವಿಷಯ. ಈ ಭಾವನೆ ಯಾವ ಕಾಲದಲ್ಲಿಯೂ ಏಕರೂಪವಾಗಿರಲಿಲ್ಲ. ಜಿರಲೆಯನ್ನು ಕಂಡೊಡನೆ ಪೊರಕೆಯನ್ನೆತ್ತುವ ಕೈಯೇ ಇರುವೆಯ ಗೂಡಿನ ಬಾಯಿಗೆ ಸಕ್ಕರೆಯನ್ನು ಹಾಕುತ್ತದೆ; ತೊಲೆಗೆ ಹತ್ತಿದ ಗೆದ್ದಲಿಗೆ ಸೀಮೆಎಣ್ಣೆ ಹೊಯ್ಯುವ ಗೃಹಿಣಿಯೇ ಹಿತ್ತಲಿನಾಚೆ ಅದೇ ಗೆದ್ದಲು ಕಟ್ಟಿದ ಹುತ್ತಕ್ಕೆ ನಾಗರಪಂಚಮಿಯಂದು ಹಾಲೆರೆಯುತ್ತಾಳೆ. ಇಂದು ನಾವು ಹುಟ್ಟುಗುಣವೆಂದು ಭಾವಿಸುವ ತೀವ್ರ ಜಿಗುಪ್ಸೆಯು ಬಹುಮಟ್ಟಿಗೆ ಈಚಿನದೆಂಬುದೂ, ಅದಕ್ಕಿಂತ ಮುಂಚೆ ಬೇಸರ, ಪಾಪಭೀತಿ, ಕರುಣೆ, ವಿನೋದಗಳು ಬೆರೆತ ಸಂಕೀರ್ಣವಾದ ಸಹಬಾಳ್ವೆಯೊಂದು ರೂಢಿಯಲ್ಲಿತ್ತೆಂಬುದೂ ಈ ಇತಿಹಾಸದಿಂದ ವ್ಯಕ್ತವಾಗುತ್ತವೆ.

ಗೃಹಕೀಟಗಳ ಪೈಕಿ ಮನುಷ್ಯನ ಸಹವಾಸದಲ್ಲಿ ಅತಿ ಪ್ರಾಚೀನವಾದುದು ಪ್ರಾಯಶಃ ತಿಗಣೆ. ಇದರ ಪೂರ್ವಿಕರು ಗುಹೆಗಳ ಬಾವಲಿಗಳ ರಕ್ತವನ್ನು ಹೀರಿ ಬದುಕುತ್ತಿದ್ದವೆಂದು ವಿದ್ವಾಂಸರು ಊಹಿಸಿದ್ದಾರೆ. ಈಜಿಪ್ಟಿನ ಅಮರ್ನಾ ಎಂಬಲ್ಲಿ, ಕ್ರಿ. ಪೂ. ಹದಿನಾಲ್ಕನೆಯ ಶತಮಾನದ ಕೂಲಿಕಾರರ ಕೇರಿಯ ಅವಶೇಷಗಳ ನಡುವೆ ಒಣಗಿದ ತಿಗಣೆಗಳು ದೊರೆತಿವೆ. ಜಿರಲೆಯ ವಂಶವಾದರೋ ಮನುಷ್ಯನಿಗಿಂತ ಕೋಟಿಗಟ್ಟಲೆ ವರ್ಷ ಹಿರಿದು. ಆದರೆ ಮನೆಯ ಜಿರಲೆಯಾಗಿ ಅದರ ಚರಿತ್ರೆ ಅಷ್ಟು ದೀರ್ಘವಾದುದಲ್ಲ. 2024ರಲ್ಲಿ ಪ್ರಕಟವಾದ ಒಂದು ಆನುವಂಶಿಕ ಅಧ್ಯಯನದ ಪ್ರಕಾರ, ಇಂದು ಜಗತ್ತಿನ ನಗರಗಳನ್ನೆಲ್ಲ ವ್ಯಾಪಿಸಿರುವ ಚಿಕ್ಕ ಜಿರಲೆಯು ಸುಮಾರು 2,100 ವರ್ಷಗಳ ಹಿಂದೆ ಭಾರತ ಅಥವಾ ಮ್ಯಾನ್ಮಾರ್ ಪ್ರದೇಶದ ಕಾಡುಜಿರಲೆಯೊಂದರಿಂದ ಬೇರ್ಪಟ್ಟು, ಸುಮಾರು 1,200 ವರ್ಷಗಳ ಹಿಂದೆ ವ್ಯಾಪಾರಮಾರ್ಗಗಳಲ್ಲಿ ಪಶ್ಚಿಮಕ್ಕೆ ಸಾಗಿತು. ನಮ್ಮ ಕಡೆಯ ಹೊಲಗಳೇ ಈ ವಿಶ್ವಸಂಚಾರಿಯ ತವರಾಗಿರಬಹುದೆಂಬುದು ಕನ್ನಡ ಓದುಗರಿಗೆ ಅನಿರೀಕ್ಷಿತವೆನಿಸಿದರೂ ಈಗ ಸಾಕ್ಷ್ಯಾಧಾರವುಳ್ಳ ಮಾತು. ಸ್ವೀಡನ್ನಿನ ಲಿನೇಯಸನು 1767ರಲ್ಲಿ ಇದಕ್ಕೆ ಜರ್ಮನಿಯ ಹೆಸರಿಟ್ಟನು. ಅದಕ್ಕೂ ಮೊದಲು, 1758ರಲ್ಲಿ, ಆಫ್ರಿಕಾ ಮೂಲದ್ದೆಂದು ನಂಬಲಾಗಿರುವ ದೊಡ್ಡ ಕಂದು ಜಿರಲೆಗೆ ಅಮೆರಿಕದ ಹೆಸರನ್ನು ಕೊಟ್ಟಿದ್ದನು. ರಷ್ಯನ್ನರು ಚಿಕ್ಕ ಜಿರಲೆಯನ್ನು ಪ್ರಷ್ಯದ್ದೆಂದರು. ಜರ್ಮನರಲ್ಲಿ ಕೆಲವರು ಅದನ್ನು ರಷ್ಯದ್ದೆಂದರು. ಮನೆಯೊಳಗಿನ ಮಾಲಿನ್ಯವು ಪರರಾಜ್ಯದಿಂದ ಬಂದುದೆಂದು ನಂಬುವ ಈ ಪ್ರವೃತ್ತಿಯು ಮುಂದೆ ಎಷ್ಟು ಘೋರವಾದ ರೂಪವನ್ನು ತಾಳಿತೆಂಬುದು ಕೆಳಗೆ ಬರುತ್ತದೆ.

ಭಾರತದ ಧರ್ಮಶಾಸ್ತ್ರವು ಗೃಹಸ್ಥನಿಂದ ನಡೆಯುವ ಕೀಟಹಿಂಸೆಯನ್ನು ಅನಿವಾರ್ಯವೆಂದೂ ಪಾಪವೆಂದೂ ಏಕಕಾಲದಲ್ಲಿ ಅಂಗೀಕರಿಸಿದ ಬಗೆಯು ವಿಶೇಷವಾಗಿ ಮನನೀಯವಾದುದು. ಮನುಸ್ಮೃತಿಯ ಮೂರನೆಯ ಅಧ್ಯಾಯವು ಒಲೆ, ಬೀಸುವ ಕಲ್ಲು, ಪೊರಕೆ, ಒರಳು ಒನಕೆ, ನೀರಿನ ಕೊಡ ಈ ಐದನ್ನು ಪಂಚಸೂನೆಗಳೆಂದು, ಅಂದರೆ ಪ್ರತಿಯೊಂದು ಮನೆಯಲ್ಲಿಯೂ ಇರುವ ಐದು ವಧಸ್ಥಾನಗಳೆಂದು ಗುರುತಿಸಿದೆ. ಸೌದೆಯೊಳಗಿನ ಹುಳು ಒಲೆಯಲ್ಲಿ ಬೇಯುತ್ತದೆ; ಧಾನ್ಯದೊಳಗಿನದು ಕಲ್ಲಿನ ಕೆಳಗೆ ಅರೆಯಲ್ಪಡುತ್ತದೆ; ಪೊರಕೆಯ ಕಡ್ಡಿಗೆ ಇರುವೆ ಸಿಕ್ಕುತ್ತದೆ. ಈ ಕೆಲಸಗಳನ್ನು ಬಿಟ್ಟು ಸಂಸಾರವಿಲ್ಲ. ಆದುದರಿಂದ ದೋಷಪರಿಹಾರಕ್ಕಾಗಿ ದಿನಂಪ್ರತಿ ಪಂಚಮಹಾಯಜ್ಞಗಳು ವಿಹಿತವಾದವು. ಅವುಗಳಲ್ಲೊಂದಾದ ಭೂತಯಜ್ಞದಲ್ಲಿ ನಾಯಿ, ಕಾಗೆ, ಕ್ರಿಮಿಗಳಿಗೆಂದು ಅನ್ನವನ್ನು ಮೆಲ್ಲನೆ ನೆಲದ ಮೇಲೆ ಇರಿಸಬೇಕು. ಬೆಳಿಗ್ಗೆ ಪೊರಕೆಗೆ ಸಿಕ್ಕಿ ಸತ್ತ ಇರುವೆಯ ಕುಲಕ್ಕೆ ಮಧ್ಯಾಹ್ನ ಅನ್ನದ ಪಾಲು ಸಲ್ಲುವಂತೆ ಮಾಡಿದ ಈ ವ್ಯವಸ್ಥೆಯಲ್ಲಿ ಕೀಟವು ಶತ್ರುವೂ ಅಲ್ಲ, ಮಿತ್ರನೂ ಅಲ್ಲ. ಅದು ಗೃಹಸ್ಥನು ಋಣಪಟ್ಟಿರುವ ಒಂದು ಜೀವ. ಕರ್ನಾಟಕದ ಹಳ್ಳಿಗಳಲ್ಲಿ ಅಕ್ಕಿಹಿಟ್ಟಿನಿಂದ ರಂಗವಲ್ಲಿಯನ್ನು ಇಕ್ಕುವವರು ಅದು ಇರುವೆಗಳ ಹೊಟ್ಟೆಗೂ ಸಲ್ಲಲೆಂದು ಹೇಳುವ ಮಾತು ಇದೇ ಭಾವದ ಲೌಕಿಕ ರೂಪವೆನ್ನಬಹುದು.

ಜೈನಧರ್ಮವು ಈ ವಿಷಯದಲ್ಲಿ ಇನ್ನೂ ಮುಂದಕ್ಕೆ ಹೋಯಿತು. ತತ್ತ್ವಾರ್ಥಸೂತ್ರವು ಜೀವಿಗಳನ್ನು ಇಂದ್ರಿಯಗಳ ಸಂಖ್ಯೆಯಿಂದ ವಿಂಗಡಿಸಿ, ಹುಳುವಿಗೆ ಎರಡು, ಇರುವೆಗೆ ಮೂರು, ದುಂಬಿಗೆ ನಾಲ್ಕು, ಮನುಷ್ಯನಿಗೆ ಐದು ಎಂದು ಒಂದೇ ಏಣಿಯ ಮೇಲೆ ನಿಲ್ಲಿಸಿತು. ಶ್ರವಣಬೆಳಗೊಳಕ್ಕೆ ಬರುವ ದಿಗಂಬರ ಮುನಿಗಳ ಕೈಯಲ್ಲಿರುವ ನವಿಲುಗರಿಯ ಪಿಂಛವು ಕುಳಿತುಕೊಳ್ಳುವ ನೆಲದಿಂದ ಸೂಕ್ಷ್ಮಜೀವಿಗಳನ್ನು ನೋವಾಗದಂತೆ ಸರಿಸುವುದಕ್ಕಾಗಿ ಇರುವ ಸಾಧನ. ಮಳೆಗಾಲದಲ್ಲಿ ಹುಳುಹುಪ್ಪಟೆಗಳು ಹೆಚ್ಚುವುದರಿಂದಲೇ ಚಾತುರ್ಮಾಸ್ಯದಲ್ಲಿ ಅವರು ಸಂಚಾರವನ್ನು ನಿಲ್ಲಿಸುತ್ತಾರೆ. ದೀಪಕ್ಕೆ ಮುತ್ತಿ ಸಾಯುವ, ಅರಿಯದೆ ಅನ್ನದೊಡನೆ ಸೇರುವ ಹುಳುಗಳ ದೃಷ್ಟಿಯಿಂದ ಶ್ರಾವಕರು ಸೂರ್ಯಾಸ್ತದ ಒಳಗೆ ಊಟ ಮಾಡುತ್ತಾರೆ. ಗುಜರಾತಿನ ಪಾಂಜರಾಪೋಳಗಳಲ್ಲಿ ಹಸು, ಕುದುರೆಗಳೊಡನೆ ಕೀಟಗಳಿಗೂ ಆಶ್ರಯವಿತ್ತು. ಸೂರತ್ತಿನ ಅಂಥದೊಂದು ಶಾಲೆಯನ್ನು ಕಂಡು 1834ರಲ್ಲಿ ವರದಿಯನ್ನು ಪ್ರಕಟಿಸಿದ ಅಲೆಗ್ಸಾಂಡರ್ ಬರ್ನ್ಸನು, ಸುಮಾರು ಇಪ್ಪತ್ತೈದು ಅಡಿ ಉದ್ದದ, ಹಲಗೆ ಹಾಸಿದ ಮನೆಯೊಂದರ ತಳದಲ್ಲಿ ಧಾನ್ಯವನ್ನು ಸುರಿದು ಅಸಂಖ್ಯಾತ ಹುಳುಗಳನ್ನು ಪೋಷಿಸುತ್ತಿದ್ದುದನ್ನು ವರ್ಣಿಸಿದ್ದಾನೆ. ತಿಗಣೆಗಳಿಗೆ ರಕ್ತದ ಊಟ ದೊರೆಯಲೆಂದು ಭಿಕ್ಷುಕರಿಗೆ ಹಣ ಕೊಟ್ಟು ಅಲ್ಲಿ ರಾತ್ರಿ ಮಲಗಿಸುತ್ತಿದ್ದರೆಂಬ ಕಥೆಯೂ ಪಾಶ್ಚಾತ್ಯ ಪ್ರವಾಸಿಗಳ ಬರಹಗಳಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತದೆ. ಆ ಪ್ರವಾಸಿಗಳು ಇದನ್ನು ಮೌಢ್ಯವೆಂದು ತಳ್ಳಿಹಾಕಿದರು. ಆದರೆ ಮನೆಯಲ್ಲಿ ಕಂಡ ಹುಳುವನ್ನು ಕೊಲ್ಲಲೂ ಒಲ್ಲದೆ ಇಟ್ಟುಕೊಳ್ಳಲೂ ಒಲ್ಲದೆ ಇದ್ದ ಸಮಾಜವೊಂದು ಅದನ್ನು ಸಾಗಿಸುವುದಕ್ಕೆ ಮೂರನೆಯ ಸ್ಥಳವೊಂದನ್ನು ನಿರ್ಮಿಸಿತೆಂಬುದು ಆದರಣೀಯವಾದ ಸಂಗತಿಯೆಂದೇ ಪರಿಗಣಿಸಬೇಕು.

ಕರುಣೆಯಿದ್ದಲ್ಲಿ ಉಪದ್ರವ ಇರಲಿಲ್ಲವೆಂದಲ್ಲ. ಲಕ್ಷ್ಮಿಯು ತಾವರೆಯಲ್ಲಿಯೂ ಶಿವನು ಹಿಮಾಲಯದಲ್ಲಿಯೂ ವಿಷ್ಣುವು ಕ್ಷೀರಸಾಗರದಲ್ಲಿಯೂ ಮಲಗುವುದು ತಿಗಣೆಯ ಅಂಜಿಕೆಯಿಂದಲೇ ಇರಬೇಕೆಂದು ಸಂಸ್ಕೃತ ಸುಭಾಷಿತಕಾರನು ನಕ್ಕಿದ್ದಾನೆ. ಪಂಚತಂತ್ರದಲ್ಲಿ ಅರಸನ ಹಾಸಿಗೆಯಲ್ಲಿ ಬಹುಕಾಲ ಮರ್ಯಾದೆಯಿಂದ ಬಾಳಿದ ಹೇನು, ಅತಿಥಿಯಾಗಿ ಬಂದ ತಿಗಣೆಗೆ ಎಡೆಗೊಟ್ಟು, ಅದು ಅರಸನು ನಿದ್ದೆಹೋಗುವ ಮೊದಲೇ ಕಚ್ಚಿ ಓಡಿಹೋದುದರಿಂದ ತಾನು ಸೇವಕರ ಕೈಗೆ ಸಿಕ್ಕಿ ಸಾಯುತ್ತದೆ. ವೇದಾಂತಿಗಳಿಗೆ ಪ್ರಿಯವಾದ ಕೀಟಭ್ರಮರನ್ಯಾಯವೂ ಮನೆಯ ಗೋಡೆಯಿಂದಲೇ ಬಂದುದು: ಕಡಜವು ಹಸುರು ಹುಳುವೊಂದನ್ನು ಮಣ್ಣಿನ ಗೂಡಿಗೆ ತಂದು ಮುಚ್ಚುತ್ತದೆ, ಕೆಲವು ದಿನಗಳ ಮೇಲೆ ಅದರೊಳಗಿಂದ ಕಡಜವೇ ಹೊರಬರುತ್ತದೆ; ಭಯದಿಂದ ಸದಾ ಕಡಜವನ್ನೇ ಧ್ಯಾನಿಸಿದ ಹುಳು ಕಡಜವೇ ಆಯಿತೆಂದು ಹಿಂದಿನವರು ತಿಳಿದರು. ವಾಸ್ತವದಲ್ಲಿ ಆ ಹುಳು ಕಡಜದ ಮರಿಗೆ ಮೀಸಲಾದ ಆಹಾರ. ಉಪಮಾನದ ಶಾಸ್ತ್ರವು ತಪ್ಪಾಗಿದ್ದರೂ, ಅಷ್ಟು ದಿನ ಗೋಡೆಯ ಮೇಲಿನ ಗೂಡನ್ನು ಒಡೆಯದೆ ನೋಡುತ್ತ ಕುಳಿತ ಅವಧಾನವು ಸಣ್ಣದಲ್ಲ.

ನಿತ್ಯದ ನಿವಾರಣೋಪಾಯಗಳೂ ಈ ಮಿತಭಾವಕ್ಕೆ ಹೊಂದುವಂಥವಾಗಿದ್ದವು. ಧಾನ್ಯದ ವಾಡೆಯಲ್ಲಿ ಬೇವಿನ ಸೊಪ್ಪು, ಲಕ್ಕಿ ಸೊಪ್ಪು. ಬಟ್ಟೆಯ ಪೆಟ್ಟಿಗೆಯಲ್ಲಿ ಬಜೆ. ನೆಲಕ್ಕೆ ಸೆಗಣಿಯ ಸಾರಣೆ. ತಿಗಣೆ ಹೊಕ್ಕ ಮಂಚಕ್ಕೆ ಬಿಸಿಲು, ಅದರ ಸಂದುಗಳಿಗೆ ಕುದಿಯುವ ನೀರು. ಇವುಗಳಿಂದ ಕೀಟಗಳು ಕಡಮೆಯಾಗುತ್ತಿದ್ದುವೇ ಹೊರತು ನಿರ್ಮೂಲವಾಗುತ್ತಿರಲಿಲ್ಲ. ನಿರ್ಮೂಲವಾಗಬೇಕೆಂಬ ನಿರೀಕ್ಷೆಯೂ ಇರಲಿಲ್ಲ.

ನಿರ್ಮೂಲನದ ಆಕಾಂಕ್ಷೆಯು ವೃತ್ತಿಯಾಗಿ ರೂಪುಗೊಂಡುದು ಯೂರೋಪಿನ ನಗರಗಳಲ್ಲಿ. ಲಂಡನ್ನಿನ ಜಾನ್ ಸೌತಾಲನು 1730ರಲ್ಲಿ ತಿಗಣೆಗಳನ್ನೇ ಕುರಿತ ಒಂದು ಪ್ರಬಂಧವನ್ನು ಪ್ರಕಟಿಸಿ, ಜಮೈಕಾದ ಒಬ್ಬ ವೃದ್ಧ ಕಪ್ಪು ಮನುಷ್ಯನಿಂದ ಕಲಿತ ಔಷಧವೆಂದು ತನ್ನ ದ್ರಾವಣವನ್ನು ಮಾರಿದನು. ಹತ್ತೊಂಬತ್ತನೆಯ ಶತಮಾನದ ನಡುವಣ ಕಾಲದಲ್ಲಿ ಹೆನ್ರಿ ಮೇಹ್ಯೂ ಲಂಡನ್ನಿನ ಶ್ರಮಜೀವಿಗಳ ಬದುಕನ್ನು ದಾಖಲಿಸುವಾಗ ರಾಜಮನೆತನಕ್ಕೆ ತಿಗಣೆ ತೆಗೆಯುತ್ತಿದ್ದ ಒಬ್ಬ ವೃತ್ತಿಗಾರನನ್ನು ಕಂಡು ಮಾತನಾಡಿಸಿದನು. ಅರಮನೆಯೂ ಗುಡಿಸಲೂ ಆಗ ಈ ವಿಷಯದಲ್ಲಿ ಸಮಾನವಾಗಿದ್ದವು. ಶ್ರೀಮಂತರ ಮನೆಗಳಿಂದ ಕೀಟಗಳು ತೊಲಗುತ್ತ ಬಂದಂತೆ ಅವು ಬಡತನದ ಗುರುತಾದವು, ಬೇಸರದ ಜಾಗದಲ್ಲಿ ನಾಚಿಕೆಯು ನೆಲೆಸಿತು. 1930ರ ದಶಕದ ಇಂಗ್ಲೆಂಡಿನಲ್ಲಿ ಕೊಳೆಗೇರಿಗಳಿಂದ ಹೊಸ ಮನೆಗಳಿಗೆ ಸ್ಥಳಾಂತರಗೊಂಡವರ ಸಾಮಾನುಗಳಿಗೆ ವಿಷಾನಿಲದ ಶುದ್ಧಿಯನ್ನು ನಡೆಸಿದ ಮೇಲೆಯೇ ಪ್ರವೇಶ ದೊರೆಯುತ್ತಿತ್ತು.

ಬಾಸೆಲಿನ ಪಾಲ್ ಮ್ಯೂಲರನು 1939ರಲ್ಲಿ ಡಿಡಿಟಿಯ ಕೀಟನಾಶಕ ಶಕ್ತಿಯನ್ನು ಕಂಡುಹಿಡಿದು 1948ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ಭಾರತದ ಹಳ್ಳಿಮನೆಗಳ ಗೋಡೆಗಳಿಗೆ ಇದನ್ನು ವ್ಯಾಪಕವಾಗಿ ಬಳಿದು ನೋಡಿದ ಮೊದಲ ಪ್ರಯೋಗಗಳಲ್ಲೊಂದು ನಡೆದುದು ಕನ್ನಡನಾಡಿನಲ್ಲಿಯೇ. ಆಗಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಧಾರವಾಡ ಮತ್ತು ಉತ್ತರ ಕನ್ನಡ ಜಿಲ್ಲೆಗಳಲ್ಲಿ 1946ರಿಂದ ಡಾ. ಡಿ. ಕೆ. ವಿಶ್ವನಾಥನ್ ಅವರ ನೇತೃತ್ವದಲ್ಲಿ ಮಲೇರಿಯಾ ನಿಯಂತ್ರಣಕ್ಕಾಗಿ ಈ ಕಾರ್ಯ ಆರಂಭವಾಯಿತು. 1953ರಲ್ಲಿ ರಾಷ್ಟ್ರೀಯ ಯೋಜನೆ ಪ್ರಾರಂಭವಾಯಿತು. ಗುರಿ ಸೊಳ್ಳೆಯಾಗಿದ್ದರೂ ಜೊತೆಗೆ ತಿಗಣೆಯೂ ಜಿರಲೆಯೂ ಸತ್ತುದು ಜನರಿಗೆ ಹೆಚ್ಚು ಪ್ರತ್ಯಕ್ಷವಾಗಿತ್ತು. ಡಬ್ಬಿ ಹೊತ್ತು ಬಂದ ಸರ್ಕಾರಿ ನೌಕರನನ್ನು ಮನೆಮಂದಿ ಸ್ವಾಗತಿಸಿದರು. ಆದರೆ ಪರ್ಲ್ ಹಾರ್ಬರಿನ ಸೈನಿಕರ ವಸತಿಗಳಲ್ಲಿ 1947ರಷ್ಟು ಹಿಂದೆಯೇ ಡಿಡಿಟಿಗೆ ಜಗ್ಗದ ತಿಗಣೆಗಳು ಕಂಡುಬಂದಿದ್ದವು. ಭಾರತದಲ್ಲಿಯೂ ಅದೇ ಆಯಿತು: ವಿಷದಿಂದ ಸಾಯದೆ ಕೆರಳಿ ಸಂದಿಗಳಿಂದ ಹೊರಬಂದ ತಿಗಣೆಗಳನ್ನು ಕಂಡ ಜನ, ಮದ್ದೇ ತಿಗಣೆಯನ್ನು ಹೆಚ್ಚಿಸುತ್ತದೆಂದು ಬಗೆದು ಎಷ್ಟೋ ಊರುಗಳಲ್ಲಿ ಬಾಗಿಲು ಮುಚ್ಚಿದರು. 1990ರ ದಶಕದ ಕೊನೆಯಿಂದ ಪಾಶ್ಚಾತ್ಯ ನಗರಗಳಿಗೆ ತಿಗಣೆ ಹಿಂದಿರುಗಿದೆ.

ಜಿರಲೆಯ ಪ್ರತ್ಯುತ್ತರ ಇನ್ನೂ ಸೂಕ್ಷ್ಮವಾದುದು. 1980ರ ದಶಕದಲ್ಲಿ ಅಮೆರಿಕದಲ್ಲಿ ಸಿಹಿಗೆ ವಿಷವನ್ನು ಬೆರೆಸಿದ ಎರೆಗಳು ಪ್ರಚಾರಕ್ಕೆ ಬಂದು, ಕೆಲವು ವರ್ಷಗಳಲ್ಲಿಯೇ ಆ ಎರೆಗಳ ಬಳಿಗೆ ಬಂದು ಹಿಮ್ಮೆಟ್ಟುವ ಜಿರಲೆಗಳು ಕಾಣಿಸಿಕೊಂಡವು. 1993ರಲ್ಲಿ ಇವು ಗ್ಲೂಕೋಸನ್ನೇ ತಿರಸ್ಕರಿಸುತ್ತವೆಂದು ಸ್ಥಾಪಿತವಾಯಿತು. ಈ ಜಿರಲೆಗಳ ಬಾಯಿಯ ನರಗಳಲ್ಲಿ ಕಹಿಯನ್ನು ಅರಿಯುವ ಕೋಶಗಳೇ ಗ್ಲೂಕೋಸಿಗೆ ಪ್ರತಿಕ್ರಿಯಿಸುತ್ತವೆಂದು 2013ರಲ್ಲಿ ತೋರಿಸಲಾಯಿತು. ಸಿಹಿಯು ಅವುಗಳ ನಾಲಗೆಗೆ ಕಹಿಯಾಗಿ ಪರಿಣಮಿಸಿತ್ತು.

ಆಧುನಿಕ ಜಿಗುಪ್ಸೆಯನ್ನು ಪರೀಕ್ಷೆಗೆ ಒಡ್ಡಿದವರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಪಾಲ್ ರೋಜಿನ್ ಪ್ರಮುಖರು. 1986ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕ್ರಿಮಿರಹಿತಗೊಳಿಸಿದ ಸತ್ತ ಜಿರಲೆಯೊಂದನ್ನು ಹಣ್ಣಿನ ರಸದಲ್ಲಿ ಅದ್ದಿ ತೆಗೆದಾಗ, ಅಪಾಯವಿಲ್ಲವೆಂದು ತಿಳಿದಿದ್ದರೂ ಆ ರಸವು ಜನರಿಗೆ ಬೇಡವಾಯಿತು. ಜಪಾನಿನಲ್ಲಿ 13,000 ಜನರನ್ನು ಪ್ರಶ್ನಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನವು, ಹುಳುಗಳನ್ನು ಮನೆಯ ಒಳಗೇ ಹೆಚ್ಚಾಗಿ ಕಾಣುವ ನಗರವಾಸಿಗಳಲ್ಲಿ ಅಸಹ್ಯವು ತೀವ್ರವಾಗುತ್ತದೆಂದೂ, ಕೀಟಗಳ ಪರಿಚಯ ಕುಗ್ಗಿದಷ್ಟೂ ಅದು ನಿರಪರಾಧಿಯಾದ ಹುಳುಗಳಿಗೂ ಹಬ್ಬುತ್ತದೆಂದೂ ತಿಳಿಸಿತು. ಆದರೂ ಜಿಗುಪ್ಸೆಯನ್ನು ಕೇವಲ ಭ್ರಮೆಯೆಂದು ತಳ್ಳಿಹಾಕುವುದು ಅನ್ಯಾಯವಾದೀತು. ಜಿರಲೆ ಚರಂಡಿಯಿಂದ ಅಡುಗೆಯ ಪಾತ್ರೆಗೆ ರೋಗಾಣುಗಳನ್ನು ಒಯ್ಯಬಲ್ಲದು. ಅದರ ಹಿಕ್ಕೆಯ ಧೂಳು ಬಡಕೇರಿಗಳ ಮಕ್ಕಳ ಆಸ್ತಮಾವನ್ನು ಉಲ್ಬಣಗೊಳಿಸುತ್ತದೆಂದು ಅಮೆರಿಕದ ನಗರಗಳಲ್ಲಿ ನಡೆದು 1997ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿದೆ.

ಸಾಹಿತ್ಯದಲ್ಲಿ ಇದೇ ಕೀಟವು ಅನುಕಂಪಕ್ಕೂ ಪಾತ್ರವಾಯಿತು. 1915ರಲ್ಲಿ ಅಚ್ಚಾದ ಕಾಫ್ಕಾನ ಕಥೆಯಲ್ಲಿ ಹುಳುವಾಗಿ ಎಚ್ಚೆತ್ತ ಮಗನು ಮನೆಯವರ ತಾತ್ಸಾರದಿಂದ ಸಾಯುತ್ತಾನೆ; ಆ ಹುಳುವಿನ ಚಿತ್ರವನ್ನು ಪುಸ್ತಕದ ಮೇಲೆ ಬರೆಯಿಸಕೂಡದೆಂದು ಲೇಖಕನು ಪ್ರಕಾಶಕರಿಗೆ ಕಟ್ಟುನಿಟ್ಟಾಗಿ ತಿಳಿಸಿದ್ದನು. ಮರುವರ್ಷ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಡಾನ್ ಮಾರ್ಕ್ವಿಸನು, ಟೈಪ್‌ರೈಟರಿನ ಕೀಲಿಗಳ ಮೇಲೆ ತಲೆಕೆಳಗಾಗಿ ಹಾರಿ ಕವಿತೆ ಬರೆಯುವ ಜಿರಲೆಯೊಂದನ್ನು ಸೃಷ್ಟಿಸಿದನು. ಆದರೆ ಅದೇ ಶತಮಾನದ ಕೊನೆಯಲ್ಲಿ ರುವಾಂಡಾದ ಆಕಾಶವಾಣಿಯೊಂದು ಟುಟ್ಸಿ ಜನರನ್ನು ದಿನವೂ ಜಿರಲೆಗಳೆಂದು ಕರೆಯಿತು. 1994ರ ಏಪ್ರಿಲಿನಿಂದ ಜುಲೈವರೆಗೆ ಅಲ್ಲಿ ಸುಮಾರು ಎಂಟು ಲಕ್ಷ ಜನ ಹತರಾದರು. 2003ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಧಿಕರಣವು ಆ ಪ್ರಸಾರದ ಹೊಣೆಗಾರರಿಗೆ ಶಿಕ್ಷೆಯನ್ನು ವಿಧಿಸಿತು. ಕೀಟದ್ವೇಷದ ಚರಿತ್ರೆಯಲ್ಲಿ ಇದಕ್ಕಿಂತ ಭಯಂಕರವಾದ ಅಧ್ಯಾಯವಿಲ್ಲ; ಕೊಲ್ಲುವುದಕ್ಕೆ ಪಾಪಭೀತಿಯೇ ಬೇಡವಾದ ಜೀವವೊಂದು ಇದೆಯೆಂದು ಒಪ್ಪಿದ ಮೇಲೆ ಅದರ ಹೆಸರನ್ನು ಮನುಷ್ಯನಿಗೂ ಹಚ್ಚುವವರು ಹುಟ್ಟಿಕೊಳ್ಳುತ್ತಾರೆ.

ಪ್ರಪಂಚದಲ್ಲಿ ಇದುವರೆಗೆ ಗುರುತಿಸಲಾಗಿರುವ ನಾಲ್ಕೂವರೆ ಸಾವಿರಕ್ಕೂ ಹೆಚ್ಚು ಜಾತಿಯ ಜಿರಲೆಗಳಲ್ಲಿ ಮನುಷ್ಯವಸತಿಯ ಆಸುಪಾಸಿನಲ್ಲಿ ಬಾಳುವವು ಮೂವತ್ತರಷ್ಟು ಮಾತ್ರ. ಉಳಿದವು ಕಾಡಿನ ತರಗೆಲೆಯನ್ನೂ ಕೊಳೆತ ಮರವನ್ನೂ ತಿಂದು ಮಣ್ಣಿಗೆ ಮರಳಿಸುತ್ತವೆ. ಮನೆಯಲ್ಲಿ ಸೇರಿಕೊಂಡವುಗಳ ವಿಷಯದಲ್ಲಿ ಇಂದಿನ ತಜ್ಞರು ವಿಷಕ್ಕಿಂತ ಮೊದಲು ಗೋಡೆಯ ಬಿರುಕುಗಳನ್ನು ಮುಚ್ಚಲೂ, ರಾತ್ರಿ ಎಂಜಲು ಪಾತ್ರೆಗಳನ್ನು ಬಿಡದಿರಲೂ ಹೇಳುತ್ತಾರೆ. ಚಿಕ್ಕ ಜಿರಲೆಯು ನೀರು ದೊರೆತರೆ ಆಹಾರವಿಲ್ಲದೆ ಒಂದು ತಿಂಗಳಿಗೂ ಮಿಕ್ಕಿ ಜೀವಿಸಬಲ್ಲದು, ನೀರೂ ಇಲ್ಲದಿದ್ದರೆ ಎರಡು ವಾರ ಬದುಕುವುದೂ ಕಷ್ಟ. ಆದುದರಿಂದ ಅಡುಗೆಮನೆಯಲ್ಲಿ ಮದ್ದನ್ನು ಸಿಂಪಡಿಸಹೊರಟವರು ಮೊದಲು ಸೋರುವ ನಲ್ಲಿಯನ್ನು ಸರಿಪಡಿಸತಕ್ಕದ್ದು.