ಅಚ್ಚುಮೊಳೆಯಿಂದ ಯೂನಿಕೋಡ್‌ವರೆಗೆ: ಒಬ್ಬ ಪ್ರೋಗ್ರಾಮರ್‌ನ ಅನುಭವದ ಮಾತು



ಕೆಲವು ವರ್ಷಗಳ ಹಿಂದೆ ಉಳ್ಳಾಲದ ಹಿರಿಯರೊಬ್ಬರು ನನ್ನ ಕೈಗೆ ಒಂದು ಸಿಡಿ ಕೊಟ್ಟರು. "ಮೋನೇ, ಇದರಲ್ಲಿ ನಮ್ಮ ಹಳೆಯ ಸ್ಮರಣ ಸಂಚಿಕೆಯ ಲೇಖನಗಳಿವೆ. ಪುಸ್ತಕದ ಪ್ರತಿ ಯಾರಲ್ಲೂ ಉಳಿದಿಲ್ಲ. ನೀನು ಕಂಪ್ಯೂಟರ್ ಕಲಿತವನಲ್ಲವೇ, ತೆಗೆದುಕೊಡು" ಎಂದರು. ಸಿಡಿ ಹಾಳಾಗಿರಲಿಲ್ಲ. ಫೈಲ್‌ಗಳೂ ತೆರೆದವು. ಆದರೆ ಪರದೆಯ ಮೇಲೆ ಕನ್ನಡವೇ ಇರಲಿಲ್ಲ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಸಾಲುಗಟ್ಟಿ ನಿಂತಿದ್ದವು. ಅಷ್ಟು ಹಿರಿಯರು ಕಷ್ಟಪಟ್ಟು ಬರೆದ ಊರಿನ ಇತಿಹಾಸ ಹೀಗೇಕಾಯಿತು? ಈ ಪ್ರಶ್ನೆಗೆ ಉತ್ತರ ಬೇಕಾದರೆ ನಾವು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊಳೆ ಜೋಡಿಸಿದ ಕಾಲ

ನೇತ್ರಾವತಿಯ ಆಚೆ ದಡದ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು ಮುದ್ರಣಾಲಯ ಆರಂಭಿಸಿದ್ದು 1841ರಲ್ಲಿ. ಎರಡು ವರ್ಷಗಳ ಬಳಿಕ, 1843ರಲ್ಲಿ, ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿ ಹೊರಬಂತು. ಮುಂದೆ 1894ರಲ್ಲಿ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದದ್ದೂ ಮಂಗಳೂರಿನಿಂದಲೇ.

ಅಚ್ಚುಮೊಳೆಯ ಮುದ್ರಣದಲ್ಲಿ ಕನ್ನಡ ಸುಲಭದ ಲಿಪಿಯಾಗಿರಲಿಲ್ಲ. ಇಂಗ್ಲಿಷಿಗೆ 26 ಅಕ್ಷರಗಳು ಸಾಕು. ಕನ್ನಡಕ್ಕೆ ಕಾಗುಣಿತ, ಒತ್ತಕ್ಷರಗಳಿಗಾಗಿ ನೂರಾರು ಮೊಳೆಗಳು ಬೇಕು. ಆದರೂ ಆ ಕೆಲಸಗಾರರಲ್ಲಿ ಒಂದು ಶಿಸ್ತಿತ್ತು. ಮೊಳೆ ಜೋಡಿಸಿದವನ ಕೆಲಸವನ್ನು ಇನ್ನೊಬ್ಬ ಓದಿ ಕರಡು ತಿದ್ದದೆ ಪುಟ ಅಚ್ಚಿಗೆ ಹೋಗುತ್ತಿರಲಿಲ್ಲ. ಇಂದು ನಾವು ಸಾಫ್ಟ್‌ವೇರ್ ಕಂಪೆನಿಗಳಲ್ಲಿ 'ಕೋಡ್ ರಿವ್ಯೂ' ಎಂದು ದೊಡ್ಡದಾಗಿ ಹೇಳುವುದು ಇದನ್ನೇ. ತನ್ನ ತಪ್ಪು ತನ್ನ ಕಣ್ಣಿಗೆ ಕಾಣುವುದಿಲ್ಲ ಎಂಬುದು ಹಳೆಯ ಸತ್ಯ.

ಕಿನ್ನಿಕಂಬಳದ ಕೊಡುಗೆ

ಗಣಕಯಂತ್ರ ಬಂದಾಗ ಈ ನೂರಾರು ಮೊಳೆಗಳನ್ನು ಇಂಗ್ಲಿಷ್ ಕೀಲಿಮಣೆಗೆ ಇಳಿಸುವುದು ಹೇಗೆ ಎಂಬ ಸಮಸ್ಯೆ ಎದುರಾಯಿತು. ಇದಕ್ಕೆ ಸರಳ ದಾರಿ ತೋರಿಸಿದವರು ಮಂಗಳೂರಿನ ಸಮೀಪದ ಕಿನ್ನಿಕಂಬಳದವರಾದ ಕೆ.ಪಿ. ರಾವ್. ಬರೆಯುವ ಆಕಾರವನ್ನು ಬಿಟ್ಟು ಉಚ್ಚರಿಸುವ ಧ್ವನಿಯನ್ನು ಅವರು ಆಧಾರವಾಗಿಟ್ಟುಕೊಂಡರು. ವ್ಯಂಜನದ ಕೀಲಿ, ಅದರ ನಂತರ ಸ್ವರದ ಕೀಲಿ. ಒತ್ತಕ್ಷರ ಬೇಕಾದಲ್ಲಿ ನಡುವೆ 'ಎಫ್' ಕೀಲಿ. ನಮ್ಮ ಊರಿನ ಹೆಸರನ್ನೇ ನೋಡಿ: ಉ, ಳ, ಎಫ್, ಳ, ಆ, ಲ. ಆರು ಕೀಲಿ ಒತ್ತಿದರೆ 'ಉಳ್ಳಾಲ' ಸಿದ್ಧ.

ಅವರು ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ನೆನಪಿನಲ್ಲಿ 'ಸೇಡಿಯಾಪು' ಎಂದು ಹೆಸರಿಟ್ಟು ಉಚಿತವಾಗಿ ಹಂಚಿದರು. ಈ ವಿನ್ಯಾಸವೇ ಮುಂದೆ ಕರ್ನಾಟಕ ಸರಕಾರ ಒಪ್ಪಿಕೊಂಡ ಕೀಲಿಮಣೆಗೆ ಆಧಾರವಾಯಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ಬಳಸಿದವರೆಲ್ಲರೂ ತಿಳಿದೋ ತಿಳಿಯದೆಯೋ ಅವರ ಋಣದಲ್ಲಿದ್ದಾರೆ. ಹಂಪಿಯ ಕನ್ನಡ ವಿಶ್ವವಿದ್ಯಾಲಯ 2013ರಲ್ಲಿ ಅವರಿಗೆ ನಾಡೋಜ ಗೌರವ ನೀಡಿತು.

ಎಡವಿದ್ದು ಎಲ್ಲಿ?

1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ನಂತರ 'ನುಡಿ' ಬಂತು. ಮನೆಮನೆಯಲ್ಲಿ ಕನ್ನಡ ಟೈಪಿಂಗ್ ಸಾಧ್ಯವಾಯಿತು. ಡಿಟಿಪಿ ಅಂಗಡಿಗಳಲ್ಲಿ ಇವಲ್ಲದೆ ಬೇರೆ ಬೇರೆ ತಂತ್ರಾಂಶಗಳೂ ಇದ್ದವು. ಟೈಪ್ ಮಾಡುವ ದಾರಿ ಸುಲಭವಾಯಿತು. ಆದರೆ ಟೈಪ್ ಮಾಡಿದ್ದನ್ನು ಕಾಪಾಡುವ ವಿಷಯದಲ್ಲಿ ಒಮ್ಮತವಿರಲಿಲ್ಲ. ಅಂದಿನ ಫೈಲ್‌ನೊಳಗೆ ಇದ್ದದ್ದು ನಿಜವಾಗಿ ಇಂಗ್ಲಿಷ್ ಅಕ್ಷರಗಳ ಸಂಕೇತಗಳು. ಅವುಗಳ ಮೇಲೆ ಕನ್ನಡದ ತುಣುಕುಗಳನ್ನು ಫಾಂಟ್ ತೊಡಿಸುತ್ತಿತ್ತು, ಅಷ್ಟೇ. ಒಂದು ತಂತ್ರಾಂಶದ ಸಂಕೇತ ಇನ್ನೊಂದಕ್ಕೆ ಅರ್ಥವಾಗುತ್ತಿರಲಿಲ್ಲ. ಫಾಂಟ್ ಕಳೆದರೆ ಕನ್ನಡವೂ ಕಳೆಯುತ್ತಿತ್ತು. ನಮ್ಮ ಹಿರಿಯರ ಸಿಡಿಗೆ ಆದದ್ದು ಇದೇ.

ವಿಷಾದದ ಸಂಗತಿಯೆಂದರೆ ಪರಿಹಾರ ಆಗಲೇ ಇತ್ತು. ಜಗತ್ತಿನ ಎಲ್ಲ ಲಿಪಿಗಳ ಪ್ರತಿಯೊಂದು ಅಕ್ಷರಕ್ಕೂ ಒಂದೇ ಶಾಶ್ವತ ಸಂಖ್ಯೆ ಕೊಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲೇ ಪ್ರಕಟವಾಗಿತ್ತು. ಅದರಲ್ಲಿ ಕನ್ನಡಕ್ಕೆ 128 ಸ್ಥಾನಗಳಿದ್ದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ 'ತುಂಗಾ' ಫಾಂಟ್ ಸಮೇತ ಯೂನಿಕೋಡ್ ಕನ್ನಡವೂ ಬಂತು. ಆದರೂ ಕರ್ನಾಟಕ ಸರಕಾರ ಯೂನಿಕೋಡನ್ನು ಶಿಷ್ಟತೆಯಾಗಿ ಒಪ್ಪಿಕೊಳ್ಳುವಾಗ 2012 ಆಗಿತ್ತು. ನಡುವಿನ ಆ ವರ್ಷಗಳಲ್ಲಿ ಎಷ್ಟು ಸಂಘಸಂಸ್ಥೆಗಳ ವರದಿಗಳು, ಬ್ಯಾರಿ ಭಾಷೆಯಲ್ಲಿ ಕನ್ನಡ ಲಿಪಿ ಬಳಸಿ ಬರೆದ ಎಷ್ಟು ಕವಿತೆಗಳು ಇಂತಹ ಸಿಡಿಗಳಲ್ಲಿ ಮೂಕವಾಗಿ ಕುಳಿತಿವೆಯೋ!

ನನ್ನದೇ ಒಂದು ತಪ್ಪು

ಬೇರೆಯವರನ್ನು ದೂರುವ ಮುನ್ನ ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಪ್ರಮಾಣಪತ್ರ ಮುದ್ರಿಸುವ ಒಂದು ಪ್ರೋಗ್ರಾಂ ಬರೆದೆ. ಹೆಸರಿಗೆ 30 ಬೈಟ್ ಜಾಗ ಇಟ್ಟೆ. 'ಅಬ್ದುಲ್ ರಹಿಮಾನ್' ಎಂದು ಇಂಗ್ಲಿಷಿನಲ್ಲಿ ಬರೆದರೆ 13 ಬೈಟ್ ಸಾಕು. ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ಯೂನಿಕೋಡ್ ಕನ್ನಡವನ್ನು ಸಾಮಾನ್ಯವಾಗಿ ಉಳಿಸುವ ವಿಧಾನದಲ್ಲಿ ಪ್ರತಿ ಸಂಕೇತಕ್ಕೆ 3 ಬೈಟ್ ಬೇಕು. ಅದೇ ಹೆಸರು ಕನ್ನಡದಲ್ಲಿ 43 ಬೈಟ್. ಹಾಗಾಗಿ ಕಾಗದದ ಮೇಲೆ 'ಅಬ್ದುಲ್ ರಹ' ಎಂದಷ್ಟೇ ಬಂದು, ಮುಂದೆ ಒಂದು ಖಾಲಿ ಚೌಕ ಮೂಡಿತು. ಆ ಹುಡುಗ ಅದನ್ನು ಕೈಯಲ್ಲಿ ಹಿಡಿದು ಏನೂ ಹೇಳದೆ ನನ್ನ ಮುಖ ನೋಡಿದ್ದು ಇನ್ನೂ ನೆನಪಿದೆ.

ಅಂದಿನಿಂದ ನಾನು ಬರೆದ ಯಾವ ಪ್ರೋಗ್ರಾಮನ್ನೂ ಮೊದಲು ನಮ್ಮವರ ಹೆಸರುಗಳಿಂದ, ನಮ್ಮ ಊರುಗಳ ಹೆಸರುಗಳಿಂದ ಪರೀಕ್ಷಿಸುತ್ತೇನೆ. 'ಉಳ್ಳಾಲ' ಎಂಬಲ್ಲಿ ಎಷ್ಟು ಅಕ್ಷರ ಎಂದು ಕೇಳಿದರೆ ಶಾಲೆಯ ಮಗು ಮೂರು ಎನ್ನುತ್ತದೆ, ಕಂಪ್ಯೂಟರ್ ಆರು ಎನ್ನುತ್ತದೆ. ಇವೆರಡರ ಅಂತರ ತಿಳಿಯದವನು ಕನ್ನಡಿಗರಿಗಾಗಿ ಸಾಫ್ಟ್‌ವೇರ್ ಬರೆಯಲಾರ.

ಉಪಕರಣಕ್ಕೆ ಅಡಿಯಾಳಾಗಬೇಡಿ

ಇದು ಕನ್ನಡದ ಕಥೆ ಮಾತ್ರವಲ್ಲ. 1991ರಲ್ಲಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸ್‌ನ ಕೋಡ್ ಬದಲಾವಣೆಗಳನ್ನು ಕೆಲವು ಕಾಲ 'ಬಿಟ್‌ಕೀಪರ್' ಎಂಬ ಖಾಸಗಿ ತಂತ್ರಾಂಶದಲ್ಲಿ ಕಾಪಾಡುತ್ತಿದ್ದರು. 2005ರಲ್ಲಿ ಅದರ ಉಚಿತ ಬಳಕೆಯ ಅನುಮತಿ ನಿಂತುಹೋಯಿತು. ಆಗ ಟೋರ್ವಾಲ್ಡ್ಸ್ ಕೆಲವೇ ವಾರಗಳಲ್ಲಿ 'ಗಿಟ್' ಎಂಬ ಮುಕ್ತ ತಂತ್ರಾಂಶ ಬರೆದರು. ಇಂದು ಜಗತ್ತಿನ ಬಹುಪಾಲು ಪ್ರೋಗ್ರಾಮರ್‌ಗಳು ಬಳಸುವುದು ಅದನ್ನೇ. ಯಾರು, ಯಾವಾಗ, ಏನನ್ನು ಬದಲಾಯಿಸಿದರು ಎಂಬ ಇತಿಹಾಸವನ್ನು ಅದು ಜೋಪಾನವಾಗಿ ಇಡುತ್ತದೆ.

ಈಗ ಕೃತಕ ಬುದ್ಧಿಮತ್ತೆಯೇ ಕೋಡ್ ಬರೆದುಕೊಡುತ್ತದೆ. ನಾನೂ ಬಳಸುತ್ತೇನೆ. ಆದರೆ ಅದು ಬರೆದ ಕರಡನ್ನು ತಿದ್ದುವ ಹೊಣೆ ನಮ್ಮದೇ. ಅರ್ಥವಾಗದ ಕೋಡನ್ನು ಒಪ್ಪಿಕೊಳ್ಳುವುದು ಓದದೆ ಸಹಿ ಹಾಕಿದ ಹಾಗೆ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರು ನಾಳೆ ಮುಡಿಪುವಿನ ಇನ್ಫೋಸಿಸ್‌ನಲ್ಲೋ ಬೆಂಗಳೂರಿನಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಈ ಕೆಲಸ ಮಾಡುವವರು. ಯಾವ ಭಾಷೆ ಕಲಿಯಬೇಕು, ಯಾವ ಟೂಲ್ ಒಳ್ಳೆಯದು ಎಂದು ನೀವು ನನ್ನನ್ನು ಕೇಳುತ್ತೀರಿ. ಟೂಲ್‌ಗಳು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತವೆ. ಮೂರು ಅಭ್ಯಾಸಗಳು ಬದಲಾಗುವುದಿಲ್ಲ: ಎಲ್ಲರೂ ಒಪ್ಪಿದ ಶಿಷ್ಟತೆಯಲ್ಲಿ ಉಳಿಸುವುದು, ಇನ್ನೊಬ್ಬರಿಗೆ ತೋರಿಸಿ ತಿದ್ದಿಸಿಕೊಳ್ಳುವುದು, ಬಳಸುವವರ ಮಾತಿನಲ್ಲೇ ಪರೀಕ್ಷಿಸುವುದು.

ಆ ಸಿಡಿಯ ವಿಷಯ ಹೇಳಿ ಮುಗಿಸುತ್ತೇನೆ. ಹಳೆಯ ಡಿಟಿಪಿ ಕೆಲಸಗಾರರೊಬ್ಬರು ಫಾಂಟ್ ಗುರುತಿಸಿಕೊಟ್ಟರು. ಹೆಚ್ಚಿನ ಲೇಖನಗಳು ಯೂನಿಕೋಡ್‌ಗೆ ಬಂದವು. ಮೂರು ಲೇಖನಗಳ ಫಾಂಟ್ ಮಾತ್ರ ಇನ್ನೂ ಪತ್ತೆಯಾಗಿಲ್ಲ. ಅವುಗಳಲ್ಲಿ ಒಂದು, ಆ ಹಿರಿಯರು ತಾವೇ ಬರೆದದ್ದು. ನಿಮ್ಮ ಮನೆಯ ಕಪಾಟಿನಲ್ಲೂ ಇಂತಹ ಸಿಡಿ, ಫ್ಲಾಪಿಗಳಿರಬಹುದು. ಬರೆದವರು ನಮ್ಮ ನಡುವೆ ಇರುವಾಗಲೇ ಅವನ್ನು ಹೊರತೆಗೆಯಿರಿ. ಯಂತ್ರ ಓದಲಾರದ ಸಾಲನ್ನು ಅವರಾದರೂ ನೆನಪಿನಿಂದ ಹೇಳಿಯಾರು.